ಗಣಿಯೂರಿನ ತಂಡ ಮತ್ತು ಒಂದು ನಾಣ್ಯ
ಪೋಲೆಂಡಿನ ಗುರ್ನಿಕ್ ಜಾಬ್ಝೆ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸವನ್ನು ಓದುತ್ತಿದ್ದೇನೆ. 1970ರ ಏಪ್ರಿಲ್ ತಿಂಗಳನ್ನು ದಾಟಿ ಮುಂದೆ ಹೋಗಲು ಮನಸ್ಸೇ ಬರುತ್ತಿಲ್ಲ. ಸಿಲೇಸಿಯಾದ ಕಲ್ಲಿದ್ದಲು ಗಣಿಗಳ ಊರಿನಲ್ಲಿ, ಮಹಾಯುದ್ಧ ಮುಗಿದ ಮೂರು ವರ್ಷಕ್ಕೆ, ಅಂದರೆ 1948ರಲ್ಲಿ, ಸ್ಥಳೀಯ ಕ್ಲಬ್ಬುಗಳನ್ನು ಒಗ್ಗೂಡಿಸಿ ಕಟ್ಟಿದ ಈ ತಂಡವು 1957ರಿಂದ 1988ರ ನಡುವೆ 14 ಬಾರಿ ದೇಶದ ಲೀಗ್ ಗೆದ್ದಿತು. ಅವುಗಳಲ್ಲಿ ಐದು, 1963ರಿಂದ 1967ರವರೆಗೆ, ಸತತವಾಗಿ ಬಂದವು.

ಯುರೋಪಿನ ಕಪ್ ವಿನ್ನರ್ಸ್ ಕಪ್ (ಆಯಾ ದೇಶದ ಕಪ್ ಗೆದ್ದ ಕ್ಲಬ್ಬುಗಳ ನಡುವಿನ ಟೂರ್ನಿ) ಸೆಮಿಫೈನಲ್‌ನಲ್ಲಿ ಇಟಲಿಯ ರೋಮಾ ವಿರುದ್ಧದ ಎರಡೂ ಪಂದ್ಯಗಳು ಸಮಬಲದಲ್ಲಿ ಮುಗಿದವು. ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದ ಮೂರನೆಯ ಪಂದ್ಯವೂ ಹೆಚ್ಚುವರಿ ಸಮಯದ ನಂತರ 1-1ರಲ್ಲೇ ನಿಂತಾಗ, ಆ ಟೂರ್ನಿಗೆ ಪೆನಾಲ್ಟಿ ಶೂಟೌಟ್ ಇನ್ನೂ ಬಂದಿರಲಿಲ್ಲವಾದ್ದರಿಂದ, ತೀರ್ಮಾನವನ್ನು ಟಾಸ್‌ಗೆ ಬಿಡಲಾಯಿತು. ನಾಯಕ ಓಶ್ಲಿಜ್ವೊ ಕೇಳಿದ ಮುಖವೇ ಮೇಲಾಗಿ ಬಿತ್ತು. ಲುಬಾನ್ಸ್ಕಿಯಂಥ ಅಪ್ರತಿಮ ಆಟಗಾರನಿದ್ದ ತಂಡ ಫೈನಲ್‌ಗೆ ಅರ್ಹವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಅಷ್ಟು ಹೊತ್ತು ಸೋಲದೆ ಆಡಿ, ಬರಿಯ ನಾಣ್ಯಕ್ಕೆ ತಲೆಬಾಗಿ ಮೈದಾನದಿಂದ ಹೊರನಡೆದ ರೋಮಾ ಆಟಗಾರರನ್ನು ನೆನೆದರೆ ಸಂಕಟವಾಗುತ್ತದೆ. ಆಟದ ನಿಯಮಗಳು ಬದಲಾದದ್ದು ಇಂಥವರ ನೋವಿನಿಂದಲೂ ಇರಬೇಕು.

ಅದಕ್ಕೂ ಮೊದಲು ಪೋಲೆಂಡಿನ ಯಾವ ಕ್ಲಬ್ಬೂ ಯುರೋಪಿಯನ್ ಫೈನಲ್ ತಲುಪಿರಲಿಲ್ಲ. ಏಪ್ರಿಲ್ 29ರಂದು, ವಿಯೆನ್ನಾದ ಜಡಿಮಳೆಯಲ್ಲಿ, ಮ್ಯಾಂಚೆಸ್ಟರ್ ಸಿಟಿ 2-1ರಿಂದ ಗೆದ್ದಿತು. ಗುರ್ನಿಕ್‌ನ ಆ ಒಂದು ಗೋಲನ್ನು ಹೊಡೆದವರೂ ಓಶ್ಲಿಜ್ವೊ ಅವರೇ.