"ಹೆದರಬೇಡ" ಎನ್ನದ ಮೇಷ್ಟ್ರು

ಪರೀಕ್ಷೆ ಹತ್ತಿರ ಬಂದರೆ ಸಾಕು, ಮನೆಯವರು, ಪಕ್ಕದವರು, ಎಲ್ಲರೂ "ಹೆದರಬೇಡ" ಅಂತ ಶುರು ಮಾಡುತ್ತಾರೆ ಅಲ್ವಾ? ನಮ್ಮ ವಿಜ್ಞಾನದ ಮೇಷ್ಟ್ರು ಮಾತ್ರ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಹೆದರಿಕೆ ಆದಾಗ ಮೈಯೊಳಗೆ ಏನಾಗುತ್ತದೆ ಅಂತ ಅವರು ಪಾಠ ಮಾಡಿದರು. ಅಪಾಯ ಬಂತು ಅಂತ ಮೆದುಳಿಗೆ ಅನಿಸಿದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ಒಂಥರಾ ಸಂಕಟ. ಇದು ಎಲ್ಲರಿಗೂ ಆಗುತ್ತದೆ ಅಂತ ಗೊತ್ತಾದಾಗಲೇ ನನಗೆ ಅರ್ಧ ಸಮಾಧಾನ ಆಯಿತು.

ಸ್ವಲ್ಪ ಆತಂಕ ಇದ್ದರೆ ಒಳ್ಳೆಯದೇ ಅಂತಲೂ ಅವರು ಹೇಳುತ್ತಿದ್ದರು. ಯರ್ಕೀಸ್, ಡಾಡ್ಸನ್ ಎಂಬಿಬ್ಬರು ಮನೋವಿಜ್ಞಾನಿಗಳು 1908ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ, ಕಷ್ಟದ ಕೆಲಸ ಕಲಿಯಲು ಒತ್ತಡ ತೀರಾ ಕಡಿಮೆಯೂ ಇರಬಾರದು, ತೀರಾ ಜಾಸ್ತಿಯೂ ಆಗಬಾರದು ಅಂತ ಕಂಡುಕೊಂಡಿದ್ದರಂತೆ.

ನನಗೆ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದೆಂದರೆ ಗಂಟಲು ಒಣಗುತ್ತಿತ್ತು. ಬೇರೆ ಮೇಷ್ಟ್ರುಗಳು ಪಾಪ ಅಂತ ನನ್ನನ್ನು ಕೇಳದೆ ಬಿಟ್ಟುಬಿಡುತ್ತಿದ್ದರು. ಅದು ಕನಿಕರದಂತೆ ಕಾಣುತ್ತದೆ, ಆದರೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಮೇಷ್ಟ್ರು ಬಿಡಲಿಲ್ಲ, ಹಾಗಂತ ಒಮ್ಮೆಲೇ ಮುಂದೆ ತಂದು ನಿಲ್ಲಿಸಲೂ ಇಲ್ಲ. ಮೊದಲು ಪಕ್ಕದ ಗೆಳತಿಗೆ ಮಾತ್ರ ಉತ್ತರ ಓದಿ ಹೇಳು ಅಂದರು, ಆಮೇಲೆ ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ, ಅದಾದ ಮೇಲೆ ನಿಂತು, ಕೊನೆಗೆ ಪುಸ್ತಕ ಮುಚ್ಚಿ. ಒಂದು ಮೆಟ್ಟಿಲು ಸಲೀಸಾಗುವವರೆಗೆ ಮುಂದಿನದರ ಸುದ್ದಿಯೇ ಎತ್ತುತ್ತಿರಲಿಲ್ಲ. ಕಾಲೇಜಿನಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಬಗ್ಗೆ ಓದುವಾಗ ಇದೆಲ್ಲ ನೆನಪಾಯಿತು. ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ ಹೊಗಳಿಕೆಯಿಂದ ಬರುವುದಕ್ಕಿಂತ ಸ್ವತಃ ಮಾಡಿ ಗೆದ್ದಾಗ ಗಟ್ಟಿಯಾಗಿ ಬರುತ್ತದೆ ಅಂತ ಅವರು 1977ರಲ್ಲಿ ಬರೆದಿದ್ದರು. ಸುಮ್ನೆ "ನೀನು ಜಾಣೆ" ಅಂದಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮೇಷ್ಟ್ರು ಒಂದು ಹಾಳೆಯಲ್ಲಿ ಮನಸ್ಸಿನ ಭಯವನ್ನೆಲ್ಲ ಬರೆಸುತ್ತಿದ್ದರು. ಅದನ್ನು ಯಾರೂ ಓದುತ್ತಿರಲಿಲ್ಲ. ಹೀಗೆ ಹತ್ತು ನಿಮಿಷ ಬರೆದರೆ ತುಂಬಾ ಹೆದರುವ ಮಕ್ಕಳು ಪರೀಕ್ಷೆ ಚೆನ್ನಾಗಿ ಮಾಡುತ್ತಾರೆ ಅಂತ ರಾಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ತೋರಿಸಿದರು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದನ್ನೂ ಅಭ್ಯಾಸ ಮಾಡಿಸುತ್ತಿದ್ದರು, ಎದೆಬಡಿತ ತಗ್ಗುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಒಬ್ಬ ಗೆಳೆಯನಿಗೆ ನಿದ್ದೆಯೇ ಬರುತ್ತಿರಲಿಲ್ಲ, ಶಾಲೆಗೆ ಬರುವುದನ್ನೇ ಬಿಟ್ಟಿದ್ದ. ಮೇಷ್ಟ್ರು ಅವನ ಮನೆಗೆ ಹೋದರು. ಇದು ಸೋಮಾರಿತನ ಅಲ್ಲ, ನನ್ನೊಬ್ಬನಿಂದ ಸರಿಹೋಗುವುದೂ ಅಲ್ಲ, ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ ಅಂತ ಅವನ ಅಪ್ಪ ಅಮ್ಮನನ್ನು ಒಪ್ಪಿಸಿದರು.