ಕೀಲಿ ತಾ ಅಂದರೆ ಚಾವಿ ತಂದಳು

20 ಏಪ್ರಿಲ್ 2025, ಭಾನುವಾರ
ಕಲಬುರಗಿ

ನಿನ್ನೆಯೇ ಬರೆಯಬೇಕಿತ್ತು, ಆಗಲಿಲ್ಲ. ಮನೆ ತುಂಬ ಬೀಗರು, ಬಾಗಿಲಲ್ಲಿ ಕೆಟ್ಟ ಕೀಲಿ, ಮೇಲೆ ಈ ಬಿಸಿಲು. ಈಗ ಎಲ್ಲರೂ ಉಂಡು ಫ್ಯಾನಿನ ಕೆಳಗೆ ಅಡ್ಡಾಗಿದ್ದಾರೆ. ಅಡುಗೆಮನೆಯ ಕಟ್ಟೆ ಮೇಲೆ ಕೂತು ಬರೀತಿದೀನಿ.

ಮಗನ ಮದುವೆಯಾಗಿ ಐದು ತಿಂಗಳು. ಸೊಸೆ ಮಂಡ್ಯ ಕಡೆಯವಳು. ಅವಳ ಅಪ್ಪ ಅಮ್ಮ ಮೊದಲ ಸಲ ನಮ್ಮೂರಿಗೆ ಬಂದಿದ್ದಾರೆ. ನಿನ್ನೆ ಬೆಳಿಗ್ಗೆ ಬಿಸಿಲೇರೋ ಮೊದಲೇ ಶರಣಬಸವೇಶ್ವರ ಗುಡಿ, ಆಮೇಲೆ ಕೋಟೆ ತೋರಿಸಿಕೊಂಡು ಬರೋಣ ಅಂತ ಆಟೋ ಕರೆಸಿದ್ದೆವು. ಮಗ ಬೈಕಿನಲ್ಲಿ ಮುಂದೆ ಹೋದ. ನಾನು, ಬೀಗರು, ಬೀಗತಿ ಆಟೋದಲ್ಲಿ ಕೂತಾಗಿತ್ತು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ನಾನು ಕೂತಲ್ಲಿಂದಲೇ ಕೂಗಿದೆ, "ಟೇಬಲ್ ಮ್ಯಾಲ ಕೀಲಿ ಅದ ನೋಡವಾ, ತಗೊಂಡು ಬಾ."

ಓಡಿಹೋಗಿ ತಂದಳು. ಕೈಯಲ್ಲಿ ಚಾವಿ ಗೊಂಚಲು.

"ಕೀಲಿ ಎಲ್ಲಿ?"

"ಇದೇ ಅಲ್ವಾ ಅತ್ತೆ ಕೀಲಿ?"

"ಅದು ಚಾವಿ. ಕೀಲಿ, ಕೀಲಿ!"

ಅವಳು ಗೊಂಚಲನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಗ ಬೀಗರು ಬಿಡಿಸಿ ಹೇಳಿದರು, "ಬೀಗ ಕೇಳ್ತಾವ್ರೆ ಕಣವ್ವ, ಬೀಗ." ಆಟೋದವನು ಹಿಂದೆ ತಿರುಗಿ, "ಬೀಗರು ಇಲ್ಲೇ ಕುಂತಾರಲ್ರಿ, ಮತ್ತ್ಯಾವ ಬೀಗನ್ನ ಕೇಳಾಕತ್ತೀರಿ?" ಅಂದ. ನಮ್ಮ ಬೀಗತಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು.

ಇದು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಹನ್ನೆರಡಕ್ಕೆ ವಾಪಸು ಬಂದೆವು. ಕೀಲಿ ತೆಗೆಯೋಕೆ ಹೋದರೆ ಚಾವಿ ತಿರುಗುತ್ತಿಲ್ಲ. ನಾನು ಸ್ವಲ್ಪ ಜಾಸ್ತಿಯೇ ಜೋರು ಮಾಡಿದೆ. ಟಕ್ ಅಂತ ಅರ್ಧ ಚಾವಿ ನನ್ನ ಕೈಯಲ್ಲಿ ಉಳಿಯಿತು, ಇನ್ನರ್ಧ ಕೀಲಿಯೊಳಗೆ. ಮೊದಲ ಸಲ ಬಂದ ಬೀಗರನ್ನು ಆ ಬಿಸಿಲಲ್ಲಿ ಹೊರಗೆ ನಿಲ್ಲಿಸಿದೆನಲ್ಲ, ನನಗೆ ಎಷ್ಟು ನಾಚಿಕೆ ಆಗಿರಬೇಡ! ಪಕ್ಕದ ಮನೆಯವರು ಪುಣ್ಯಾತ್ಮರು, ಎಲ್ಲರನ್ನೂ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಮಗ ಹೋಗಿ ಬಜಾರಿನಿಂದ ಚಾವಿ ಮಾಡೋರನ್ನು ಕರ್ಕೊಂಡು ಬಂದ.

ಅವರು ವಯಸ್ಸಾದವರು. ಮನೆಮಾತು ಉರ್ದು, ಬೀದಿಮಾತು ನಮ್ಮ ಕನ್ನಡ. ಹೊಸ್ತಿಲ ಮುಂದೆ ಗೋಣಿಚೀಲ ಹಾಸಿ ಕೂತರು. ತುದಿ ಬಾಗಿಸಿದ ಸಣ್ಣ ತಂತಿ ಹಾಕಿ ಒಳಗಿನ ತುಂಡನ್ನು ಹೊರಗೆ ಎಳೆಯೋಕೇ ಕಾಲು ಗಂಟೆ ಹಿಡೀತು. ತುಂಡನ್ನು ಮೂಸಿ ನೋಡಿದರು.

"ಇದರಾಗ ಏನ್ ಹಾಕೀರಿ ಅಕ್ಕಾ?"

"ಕುಸುಬಿ ಎಣ್ಣಿ. ಬಿಗಿ ಆಗಿತ್ತು ಅಂತ."

"ಎಣ್ಣಿ ಎಲ್ಲಿ ಅದ ಅಕ್ಕಾ ಈಗ? ಗೋಂದ್ ಆಗ್ಯಾದ."

ಹೌದು, ಕುಸುಬೆ ಎಣ್ಣೆಗೆ ಗಾಳಿ ತಾಗಿ ತಾಗಿ ಒಣಗಿ ಅಂಟಾಗೋ ಗುಣ ಇದೆ. ನಮ್ಮೂರಿನ ಧೂಳೂ ಅದಕ್ಕೆ ಸೇರಿದರೆ ಕೇಳಬೇಕಾ? ರೊಟ್ಟಿ ಜೊತೆಗಿನ ಹಿಂಡಿ (ಚಟ್ನಿಪುಡಿ) ಮೇಲೆ ಹಾಕ್ಕೊಳ್ಳೋಕೆ ಬೇರೆ ಎಣ್ಣೆ ರುಚಿಸದ ನನಗೆ ಕೀಲಿಗೂ ಅದನ್ನೇ ಹಾಕಬೇಕು ಅನ್ನಿಸಿತ್ತು ನೋಡಿ. ಪೆನ್ಸಿಲ್ ಕಡ್ಡಿಯನ್ನು ನುಣ್ಣಗೆ ಪುಡಿ ಮಾಡಿ ಊದಬೇಕಂತೆ, ಎಣ್ಣೆ ಮಾತ್ರ ಹಾಕಬಾರದಂತೆ.

ಆಮೇಲೆ ಎರಡೂ ತುಂಡು ಜೋಡಿಸಿ ಹಿಡಿದುಕೊಂಡು, ಹಲ್ಲಿಲ್ಲದ ಹೊಸ ಚಾವಿಯನ್ನು ಅರದಿಂದ ಉಜ್ಜೋಕೆ ಶುರು ಮಾಡಿದರು. ಸ್ವಲ್ಪ ಉಜ್ಜೋದು, ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡೋದು, ಕೀಲಿಗೆ ಹಾಕಿ ತಿರುಗಿಸೋದು, ಹೊರಗೆ ತೆಗೆದು ಬಿಸಿಲಿಗೆ ಹಿಡಿಯೋದು. ಮಸಿ ಎಲ್ಲಿ ಕೆರೆದುಹೋಗಿದೆಯೋ ಅಲ್ಲಿ ಇನ್ನಷ್ಟು ಉಜ್ಜಬೇಕು. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಅದು ಏಳು ಲಿವರಿನ ಕೀಲಿ. ಒಳಗೆ ಏಳು ತಗಡುಗಳು ಒಂದರ ಮೇಲೊಂದು ಕೂತಿರುತ್ತವೆ, ಒಂದೊಂದರಲ್ಲೂ ಒಂದು ಸಂದು. ಚಾವಿಯ ಹಲ್ಲು ಒಂದೊಂದು ತಗಡನ್ನೂ ಅದರದರ ಎತ್ತರಕ್ಕೆ ಎತ್ತುತ್ತದೆ, ಏಳೂ ಸಂದು ಒಂದೇ ಸಾಲಿಗೆ ಬಂದಾಗ ಮಾತ್ರ ಒಳಗಿನ ಪುಟ್ಟ ಗೂಟ ಅದರಲ್ಲಿ ತೂರಿಕೊಂಡು ಹಿಂದೆ ಸರಿಯುತ್ತದೆ. ಒಂದು ತಗಡು ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಮುಗೀತು.

ಸೊಸೆಯ ಗಲಾಟೆ ಕೇಳಿ ಅವರಿಗೂ ನಗು ಬಂತು. "ನಮ್ಮ ಮನ್ಯಾಗ ಕೀಲ್ ಅಂದ್ರ ಮೊಳಿ ಅಕ್ಕಾ. ಗ್ವಾಡಿಗಿ ಹೊಡೀತೀವಲ್ಲ, ಅದು" ಅಂದರು.

ಅಂದರೆ ಒಂದೇ ಹೊಸ್ತಿಲಲ್ಲಿ ಮೂರು ಕೀಲಿ! ನನಗೆ ಬಾಗಿಲು ಭದ್ರ ಮಾಡೋದು, ಸೊಸೆಗೆ ಬಾಗಿಲು ತೆಗೆಯೋದು, ಅವರಿಗೆ ಗೋಡೆಗೆ ಹೊಡೆಯೋದು. ರಾತ್ರಿ ಭಾಲ್ಕಿಯಲ್ಲಿರೋ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳ ಓಣಿಯಲ್ಲಿ ಮರಾಠಿಯವರು ಜಾಸ್ತಿ. "ಅಯ್ಯ, ಇಲ್ಲಿ ನಿನ್ನ ಸೊಸಿದೇ ಖರೇ. ಮರಾಠಿಯವರು ಚಾವಿಗಿ ಕಿಲ್ಲಿ ಅಂತಾರ, ಕೀಲಿಗಿ ಕುಲೂಪ್ ಅಂತಾರ" ಅಂದಳು. ನನ್ನ ಕಡೆಯ ಸಾಕ್ಷಿಯೇ ಉಲ್ಟಾ ಹೊಡೆಯಿತು.

ಇದರ ಬುಡ ಸಂಸ್ಕೃತದ 'ಕೀಲ'. ಗೂಟ, ಬೆಣೆ, ಮೊಳೆ, ಏನನ್ನಾದರೂ ಬಿಗಿಯಾಗಿ ಹಿಡಿದಿಡೋಕೆ ಸಿಕ್ಕಿಸೋ ತುಂಡು. ಶಾಲೆಯಲ್ಲಿ ಓದಿದ ಕೋತಿಯ ಕತೆ ನೆನಪಿದೆಯಾ? ಅರ್ಧ ಸೀಳಿದ ಮರದ ದಿಮ್ಮಿಯ ಮೇಲೆ ಕೂತು, ಬಡಗಿ ಸಿಕ್ಕಿಸಿಟ್ಟ ಬೆಣೆಯನ್ನು ಕಿತ್ತು ತಾನೇ ಸಿಕ್ಕಿಬೀಳುತ್ತಲ್ಲ, ಆ ಬೆಣೆಯೇ ಕೀಲ. ಹಿಂದಿ ಉರ್ದುವಿನಲ್ಲಿ ಅದು ಮೊಳೆಯಾಗಿ ಉಳಿಯಿತು. ನಮ್ಮಲ್ಲಿ ಮರಿ ಹಾಕುತ್ತಾ ಹೋಯಿತು. ಮೂಳೆ ಸೇರೋ ಜಾಗ ಕೀಲು. ನಮ್ಮೂರಲ್ಲೂ 'ಎಲುಬು ಕೀಲು ತಜ್ಞರು' ಅನ್ನೋ ಬೋರ್ಡು ಕಾಣುತ್ತವೆ, ನನ್ನ ಮೊಣಕಾಲಿಗೆ ಅವು ಚೆನ್ನಾಗಿ ಪರಿಚಯ. ಜಾತ್ರೆ ಮೆರವಣಿಗೆಯಲ್ಲಿ ಕುಣಿಯೋ ಕೀಲುಕುದುರೆ. ಗಡಿಯಾರಕ್ಕೆ, ಗೊಂಬೆಗೆ ಕೊಡೋದು ಕೀಲಿ. ಕಂಪ್ಯೂಟರಿನದು ಕೀಲಿಮಣೆ. ಅರವತ್ತು ಸಂವತ್ಸರಗಳಲ್ಲೂ ಒಂದು ಕೀಲಕ ಇದೆ, ನಲವತ್ತೆರಡನೆಯದು. 2025ರ ಯುಗಾದಿಗೆ ಶುರುವಾದದ್ದು ವಿಶ್ವಾವಸು, 2028ರ ಯುಗಾದಿಗೆ ಕೀಲಕ ಬರುತ್ತೆ.

ನನಗೆ ಇದರಲ್ಲೆಲ್ಲ ಹತ್ತಿರದ್ದು ಕೀಲೆಣ್ಣೆ. ನಮ್ಮ ಮುತ್ಯಾನ, ಅಂದರೆ ಅಜ್ಜನ, ಬಂಡಿಯ ಕೆಳಗೆ ಒಂದು ಬಿದಿರಿನ ಕೊಳವೆ ನೇತಾಡುತ್ತಿತ್ತು. ಅದರೊಳಗೆ ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿದ ಕರಿ ಜಿಡ್ಡು, ಒಂದು ಕಡ್ಡಿ. ದೂರದ ಊರಿಗೆ ಹೊರಡೋ ಮೊದಲು ಗಾಲಿ ಸರಿಸಿ ಅಚ್ಚಿಗೆ ಬಳಿಯುತ್ತಿದ್ದ. ಗಾಲಿ ಕಳಚಿ ಬೀಳದ ಹಾಗೆ ಅಚ್ಚಿನ ತುದಿಗೆ ಸಿಕ್ಕಿಸೋ ಕಬ್ಬಿಣದ ಕಡ್ಡಿಯೇ ಕೀಲು. ನಾವು ಮಕ್ಕಳು ಆ ಜಿಡ್ಡನ್ನು ಮೀಸೆ ಬರೆದುಕೊಳ್ಳೋಕೆ ಕದಿಯುತ್ತಿದ್ದೆವು. ಮೂರು ದಿನವಾದರೂ ಹೋಗುತ್ತಿರಲಿಲ್ಲ, ಅವ್ವ ಸೀಗೆಪುಡಿ ಹಾಕಿ ಚರ್ಮ ಕಿತ್ತು ಬರೋ ಹಾಗೆ ತಿಕ್ಕುತ್ತಿದ್ದಳು. ಕುಸುಬಿ ಬದಲು ಹರಳೆಣ್ಣೆಯನ್ನೇ ಹಾಕಿದ್ದರೆ ನಿನ್ನೆಯ ಪಾಡು ತಪ್ಪುತ್ತಿತ್ತೇನೋ, ಅದು ಹಾಗೆ ಒಣಗೋ ಎಣ್ಣೆ ಅಲ್ಲ.

ಹೀಗಾಗಿ ಕೀಲಿ ಅಂದರೆ ಹಿಡಿದಿಡೋದು, ನಾವು ಹೇಳೋದೇ ಸರಿ ಅಂತ ನನ್ನ ವಾದ. ತೆಗೆಯೋದಕ್ಕೆ ಕನ್ನಡದಲ್ಲಿ ಬೇರೆ ಹೆಸರೇ ಇದೆ: ಕೈ. ನಮ್ಮದು ಕೀಲಿಕೈ, ಅವರದು ಬೀಗದ ಕೈ. ಎರಡು ಕಡೆಯಲ್ಲೂ ಕೈ ಒಂದೇ. ಕೀಲಿಕೈ ಅನ್ನೋದನ್ನು ಅರ್ಧಕ್ಕೆ ತುಂಡು ಮಾಡಿ ಕೀಲಿ ಅಂದದ್ದಕ್ಕೇ ಸೊಸೆಯ ಬಾಯಲ್ಲಿ ಅರ್ಥ ಆ ಕಡೆ ಹೋಗಿದೆ. ಹೀಗೆ ಹೇಳಿದರೆ ಅವಳು ಬಿಡ್ತಾಳಾ? "ಹಾಗಾದ್ರೆ ಗೊಂಬೆಗೆ ಕೀಲಿ ಕೊಡೋವಾಗ ಕೈಯಲ್ಲಿ ಹಿಡಿದು ತಿರುಗಿಸೋದು ಏನು ಅತ್ತೆ?" ಅಂದಳು. ನಾನು ಚಾ ಇಡೋಕೆ ಎದ್ದೆ.

ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಹೋದರೆ ತೆಲುಗು ಶುರುವಾಗುತ್ತೆ, ಅಲ್ಲಿ ಕೇಳಿದ್ದೀನಿ: ಕೀಲಿಗೆ ತಾಳಂ, ಚಾವಿಗೆ ತಾಳಂ ಚೆವಿ. ಚೆವಿ ಅಂದರೆ ತೆಲುಗಿನಲ್ಲಿ ಕಿವಿ! ನಮ್ಮ ಕೀಲಿಗೆ ಕೈ ಇದ್ದರೆ ಅವರ ತಾಳಕ್ಕೆ ಕಿವಿ. ಚಾವಿಯೇ ಬಾಯಿಂದ ಬಾಯಿಗೆ ಹೋಗುತ್ತಾ ಪರಿಚಯದ ಚೆವಿಯ ವೇಷ ಹಾಕಿಕೊಂಡಿರಬೇಕು ಅಂತ ನನಗನ್ನಿಸುತ್ತೆ.

ಈ ಚಾವಿ ಹಡಗಿನಲ್ಲಿ ಬಂದ ಮಾತು. ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡರು. ಅವರ ಜೊತೆ ಬಂದ ಮಾತುಗಳು ಘಟ್ಟ ಹತ್ತಿ ಇಲ್ಲಿಯವರೆಗೂ ಬಂದವು. ಅಲಮಾರಿ ಅವರದು, ಇಸ್ತ್ರಿ ಅವರದು, ತಿಂಗಳ ಕೊನೆಗೆ ದಾರಿ ಕಾಯೋ ಪಗಾರವೂ ಅವರದೇ. ಚಾವಿಯಲ್ಲಿ ಒಂದು ಸ್ವಾರಸ್ಯ ಇದೆ. ಈಗಿನ ಲಿಸ್ಬನ್ನಿನವರು ಅದನ್ನು ಹೆಚ್ಚುಕಮ್ಮಿ 'ಶಾವ್' ಅಂತಾರೆ. ಆದರೆ ಆ ಕಾಲದ ಪೋರ್ಚುಗೀಸಿನಲ್ಲಿ ಮೊದಲಕ್ಷರ 'ಚ' ಅಂತಲೇ ಇತ್ತು. ಅವರು ಬಿಟ್ಟ ಚಕಾರವನ್ನು ನಾವು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೀವಿ. ಅದರ ಹಿಂದೆ ಲ್ಯಾಟಿನ್ನಿನ 'ಕ್ಲಾವಿಸ್', ಅದೂ ಚಾವಿಯೇ. ಅದರಿಂದ ಕೊರಳ ಕೆಳಗಿನ ಎಲುಬಿಗೆ ಡಾಕ್ಟರುಗಳು ಕ್ಲಾವಿಕಲ್ ಅಂತಾರೆ, ಅಂದರೆ ಪುಟ್ಟ ಚಾವಿ. ಅವರು ಎಲುಬಿಗೆ ಚಾವಿ ಅಂದರು, ನಾವು ಸಂದಿಗೆ ಕೀಲು ಅಂದೆವು.

ಅಕ್ಕ ಹೇಳಿದ ಕುಲೂಪ್ ಬಂದದ್ದು ಅರಬ್ಬಿಯ 'ಕುಫ್ಲ್'ನಿಂದ, ಬೀಗ ಅಂತಲೇ ಅರ್ಥ. ಕಲಬುರಗಿ 1347ರಿಂದ ಬಹಮನಿಗಳ ರಾಜಧಾನಿ, ಆಮೇಲೆ ಬೀದರ್. ಹಾಗಾಗಿ ಅರಬ್ಬಿ ಫಾರಸಿ ಮಾತು ನಮ್ಮಲ್ಲಿ ಕುರ್ಚಿ ಹಾಕಿಕೊಂಡು ಕೂತಿವೆ, ಆ ಕುರ್ಚಿಯೂ ಅರಬ್ಬಿಯದೇ. ಬೇಸಿಗೆಯಲ್ಲಿ ತಿನ್ನೋ ಕುಲ್ಫಿಯೂ ಇದೇ ಮನೆತನದ್ದು ಅಂತಾರೆ, ಅಚ್ಚಿನ ಬಾಯಿ ಮುಚ್ಚಿ ಭದ್ರ ಮಾಡಿ ಹೆಪ್ಪುಗಟ್ಟಿಸೋದಕ್ಕೆ. ನಿನ್ನೆ ಸಂಜೆ ಬೀಗರಿಗೆ ಕುಲ್ಫಿ ಕೊಡಿಸಿದೆ, ಮಧ್ಯಾಹ್ನ ಹೊರಗೆ ನಿಲ್ಲಿಸಿದ್ದಕ್ಕೆ ತಪ್ಪುಕಾಣಿಕೆ ಅಂತ.

ಇನ್ನು ಬೀಗ. ನಮ್ಮ ಕಡೆ ಬೀಗ ಅಂದರೆ ಮೊದಲು ಕಣ್ಮುಂದೆ ಬರೋದು ರುಮಾಲು ಸುತ್ತಿಕೊಂಡ ಮನುಷ್ಯ, ಬಾಗಿಲಿಗೆ ತೂಗೋ ಕಬ್ಬಿಣ ಅಲ್ಲ. ಮಕ್ಕಳನ್ನು ಕೊಟ್ಟು ತಂದವರು ಒಬ್ಬರಿಗೊಬ್ಬರು ಬೀಗರು. ಸಮ್ಮಾನದಲ್ಲಿ ಒಂದು ಟೊಪ್ಪಿಗೆ ಕಮ್ಮಿ ಬಿತ್ತು ಅಂತ ಅವರು ಬೀಗಿದರೆ ಆ ಬೀಗ ತೆಗೆಯೋಕೆ ಊರ ಹಿರಿಯರೇ ಬರಬೇಕು. ಬಾಗಿಲ ಬೀಗಕ್ಕೆ 'ಬಿಗಿ' ಹತ್ತಿರದ ನೆಂಟ ಅಂತ ಕಾಣುತ್ತೆ. ನಿನ್ನೆ ರಾತ್ರಿ ಊಟದ ಹೊತ್ತಿಗೆ ನಮ್ಮ ಬೀಗರನ್ನೇ ಕೇಳಿದೆ, ಎರಡಕ್ಕೂ ಒಂದೇ ಹೆಸರು ಯಾಕ್ರಿ ಅಂತ. ಪುಂಡಿಪಲ್ಯ ಅವರಿಗೆ ಹುಳಿ ಜಾಸ್ತಿ ಆಗಿತ್ತು, ಆದರೂ ಬಿಡದೆ ತಿಂತಿದ್ದರು. "ಎರಡು ಮನೆ ಸೇರಿಸಿ ಬೀಗ ಜಡಿದಂಗಲ್ವರಾ? ಬೀಗದ ಕೈ ಮಾತ್ರ ಹೆಣ್ಣುಮಕ್ಳತ್ರ ಇರತ್ತೆ" ಅಂದರು. ಅವರ ಹೆಂಡತಿ, "ಆ ಕೈಯನ್ನೇ ಇವತ್ತು ಮುರ್ದು ಕೂರ್ಸವ್ರಲ್ಲಪ್ಪ ನಮ್ಮ ಬೀಗಿತ್ತಿ" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಚಾವಿ ಮಾಡಿದವರು ಎರಡು ಚಾವಿ ಮಾಡಿಕೊಟ್ಟು ಹೋಗಿದ್ದಾರೆ. ಒಂದನ್ನು ಸೊಸೆ ತನ್ನ ಪರ್ಸಿನಲ್ಲಿ ಹಾಕಿಕೊಂಡಳು. ಈಗ ಇಷ್ಟು ಬರೆಯೋ ಹೊತ್ತಿಗೆ ಅವಳೇ ಎದ್ದು ಬಂದು, ಸಂಜೆ ದರ್ಗಾ ಕಡೆ ಹೋಗಿಬರೋಣ ಅತ್ತೆ, ಕೀಲಿ ನಾನೇ ಹಾಕ್ತೀನಿ ಅಂತಿದ್ದಾಳೆ. ಯಾವ ಕೀಲಿ ಅಂತ ನಾನು ಕೇಳೋಕೆ ಹೋಗಲಿಲ್ಲ. ಪೆನ್ಸಿಲ್ ಪುಡಿ ಮಾಡೋದು ಬಾಕಿ ಇದೆ.