ಗರಗಸ ಇರುವ ದಿನ

ಮಂಡಿ ಬದಲಿಸುವ ಆಪರೇಷನ್ ಅಂದರೆ ಅರ್ಧ ಬಡಗಿ ಕೆಲಸವೇ. ಗರಗಸ, ಡ್ರಿಲ್, ಸುತ್ತಿಗೆ ಎಲ್ಲವೂ ಟ್ರಾಲಿ ಮೇಲೆ ಇರುತ್ತವೆ.

ಓಟಿ (ಆಪರೇಷನ್ ಥಿಯೇಟರ್) ನರ್ಸ್ ಆದ ನಾನು ಕೇಸ್ ಮುಗಿದ ಮೇಲೆ ಕನ್ನಡಕ ತೆಗೆದು ಲೈಟಿಗೆ ಹಿಡಿದರೆ ತುಂಬಾ ಚುಕ್ಕೆ. ಕೆಂಪಗಿರುವುದು ರಕ್ತ, ಬೆಳ್ಳಗೆ ಒಣಗಿರುವುದು ಮೂಳೆ ಪುಡಿ. ಇದು ಕಣ್ಣಿಗೆ ಕಂಡದ್ದು. ಕಾಣದೆ ಗಾಳಿಯಲ್ಲಿ ತೇಲುವುದು ಬೇರೆ.

ಗರಗಸದ ಬ್ಲೇಡ್ ನಿಮಿಷಕ್ಕೆ ಸಾವಿರಾರು ಸಲ ಅತ್ತಿತ್ತ ಆಡುತ್ತದೆ. ಮೂಳೆ ಬಿಸಿಯಾಗುತ್ತದೆ. 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ತಗುಲಿದರೂ ಅದಕ್ಕೆ ಪೆಟ್ಟು. ಅದಕ್ಕೇ ಸಲೈನ್ ಬಿಡುತ್ತಲೇ ಇರಬೇಕು. ನೀರು ಪುಡಿಯನ್ನು ಒಂದಷ್ಟು ಕೂರಿಸುತ್ತದೆ ನಿಜ. ಆದರೆ ಬ್ಲೇಡಿಗೆ ಸಿಕ್ಕಿ ರಕ್ತ ಸಮೇತ ತಾನೂ ಸಿಡಿಯುತ್ತದೆ!

ಇದೆಲ್ಲದರಿಂದ ತಪ್ಪಿಸಿಕೊಳ್ಳಲು ಫ್ಯಾನ್ ಇರುವ ಹೆಲ್ಮೆಟ್ ಹಾಕಿದರೆ ಸಾಕು ಅಂತ ಸುಮಾರು ಜನ ನಂಬಿದ್ದಾರೆ. ಹಿಂದೆ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಇಂಥ ಉಡುಪು ತಂದದ್ದು ರೋಗಿಯ ಗಾಯ ಕಾಪಾಡಲು, ನಮ್ಮನ್ನಲ್ಲ. ಈಗಿನ ಹೆಲ್ಮೆಟ್ಟಿನ ಫ್ಯಾನ್ ಓಟಿ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಸಿಡಿಯುವ ಹನಿಗೆ ಅದು ಸರಿ. ಸಣ್ಣ ಕಣಕ್ಕೆ ಒಳಗೆ ಎನ್‌95 ಮಾಸ್ಕ್ ಬೇಕು. ಸೆಕೆ, ಉಸಿರು ಕಟ್ಟಿದ ಹಾಗಾಗುತ್ತದೆ, ಒಪ್ಪುತ್ತೇನೆ.

2020ರಲ್ಲಿ, ಕೊರೆಯುವಾಗ ಹಾರುವ ಕಣದಿಂದ ಕೋವಿಡ್ ಹರಡೀತು ಅಂತ, ಕಿವಿ ಹಿಂದಿನ ಮೂಳೆ ಕೊರೆಯುವ ಆಪರೇಷನ್‌ಗಳನ್ನು ಎಷ್ಟೋ ಕಡೆ ಮುಂದೂಡಿದರು. ಆಗ ಎಲ್ಲರಿಗೂ ಗಾಳಿಯ ಮೇಲೆ ಗಮನ. ಈಗ ಕೋವಿಡ್ ಭಯ ಹೋಯಿತು, ಮಾಸ್ಕ್ ಮೂಗಿನಿಂದ ಕೆಳಗೆ ಬಂತು.

ಮೊನ್ನೆ ಹೊಸ ಹುಡುಗ ಕೇಳಿದ, "ಸಿಸ್ಟರ್, ಈಗ್ಯಾಕೆ ಎನ್‌95? ಕೋವಿಡ್ ಇಲ್ವಲ್ಲ?"

"ಗರಗಸ ಇದೆಯಲ್ಲಪ್ಪಾ" ಅಂದೆ. ನಕ್ಕು ಹಾಕಿಕೊಂಡ.